ಎಐ ಕೆಡಿಸಿದ ಕೋಡ್ ವಾಪಸ್ ಸಿಗುತ್ತದಾ?

ಪ್ರಶ್ನೆ: ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿನ ಲಾಗಿನ್ ಪೇಜಿನ ಬಣ್ಣ ಬದಲಿಸು ಅಂತ ಎಐ ಟೂಲ್‌ಗೆ ಹೇಳಿದೆ. ಅದು ಹತ್ತಾರು ಫೈಲ್ ತಿದ್ದಿತು, ಈಗ ಲಾಗಿನ್ನೇ ಆಗುತ್ತಿಲ್ಲ. ಹಳೆಯ ಕೋಡ್ ಸಿಗುತ್ತದಾ? ಎಐ ಇರುವಾಗ ಗಿಟ್ ಕಲಿಯಲೇಬೇಕಾ ಸರ್?
– ವಿದ್ಯಾರ್ಥಿನಿ, ಕಾರ್ಕಳ

ಉತ್ತರ: ಮೊದಲು ಕೋಡ್ ಹುಡುಕೋಣ. ಕೋಡ್ ಬರೆಯಲು ವಿಎಸ್ ಕೋಡ್ ಎಂಬ ಎಡಿಟರ್ ಬಳಸುತ್ತಿದ್ದರೆ ಫೈಲ್ ಪಟ್ಟಿಯ ಕೆಳಗೆ ಟೈಮ್‌ಲೈನ್ ಅಂತ ಇದೆ, ತೆರೆಯಿರಿ. 2022ರ ಮಾರ್ಚ್ ಆವೃತ್ತಿಯಿಂದ ಅದು ನೀವು ಸೇವ್ ಮಾಡಿದಾಗಲೆಲ್ಲ ಫೈಲಿನ ಒಂದು ಪ್ರತಿ ಎತ್ತಿಡುತ್ತದೆ, ಒಂದು ಫೈಲಿಗೆ 50ರವರೆಗೆ. ಬೇಕಾದ ಪ್ರತಿಯ ಮೇಲೆ ರೈಟ್ ಕ್ಲಿಕ್ ಮಾಡಿ ರಿಸ್ಟೋರ್ ಕೊಡಿ. ಒಂದೊಂದೇ ಫೈಲ್ ಮಾಡಬೇಕು, ತಾಳ್ಮೆ ಬೇಕು.

ಗಿಟ್, ಅಂದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಟೂಲ್, ಕಲಿಯಲೇಬೇಕು. ಎಐ ಬಂದ ಮೇಲಂತೂ ಇನ್ನೂ ಜಾಸ್ತಿ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗಾಗಿ ಅದನ್ನು ಬರೆದರು. ಎಲ್ಲೆಲ್ಲಿಂದಲೋ ಜನ ತಿದ್ದುಪಡಿ ಕಳಿಸುತ್ತಾರೆ, ಅದನ್ನು ನೋಡಿ, ಬೇಕಾದ್ದು ಸೇರಿಸಿ, ಬೇಡದ್ದು ಬಿಟ್ಟು, ಯಾವಾಗ ಏನಾಯಿತು ಅನ್ನುವ ಲೆಕ್ಕ ಇಡಬೇಕಿತ್ತು. ನಿಮ್ಮ ಎಐ ಕೂಡ ಹಾಗೆ ತಿದ್ದುಪಡಿ ಕಳಿಸುವ ಹೊರಗಿನವರ ಹಾಗೆಯೇ, ಅಲ್ವಾ? ಒಳಗೆ ಬಿಡುವ ಮುಂಚೆ ನೋಡಬೇಕಾದವರು ನೀವು.

ಹೀಗೆ ಮಾಡಿ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಯನ್ನು ಬಳಸಲು ಕೊಡುವ ಗುಟ್ಟಿನ ಸಂಕೇತ) ಇರುವ ಫೈಲಿನ ಹೆಸರನ್ನು ಮೊದಲು ಗಿಟ್‌ಇಗ್ನೋರ್ ಫೈಲಿಗೆ ಹಾಕಿ, ಅದರಲ್ಲಿರುವ ಹೆಸರುಗಳನ್ನು ಗಿಟ್ ಸೇರಿಸಿಕೊಳ್ಳುವುದಿಲ್ಲ. ಇದನ್ನು ಮರೆಯಬೇಡಿ ಮಾರಾಯ್ರೆ, ಗಿಟ್ ಕೋಡನ್ನು ಆನ್‌ಲೈನಿನಲ್ಲಿ ಇಡುವ ಗಿಟ್‌ಹಬ್‌ಗೆ ಒಮ್ಮೆ ಹೋದ ಕೀಯನ್ನು ಅಳಿಸಿದರೆ ಸಾಲದು, ಅದನ್ನು ರದ್ದು ಮಾಡಿ ಹೊಸದು ತೆಗೆದುಕೊಳ್ಳಬೇಕಾಗುತ್ತದೆ. ಆಮೇಲೆ ಈ ಆದೇಶಗಳನ್ನು ಕೊಡಿ: ಫೋಲ್ಡರಿನಲ್ಲಿ ಗಿಟ್ ಶುರು ಮಾಡಲು ಗಿಟ್ ಇನಿಟ್, ಫೈಲ್ ಆರಿಸಲು ಗಿಟ್ ಆ್ಯಡ್, ಆಗಿನ ಸ್ಥಿತಿಯನ್ನು ದಾಖಲಿಸಲು ಗಿಟ್ ಕಮಿಟ್. ಎಐಗೆ ಕೆಲಸ ಹೇಳುವ ಮುಂಚೆ ಪ್ರತಿ ಸಲ ಒಂದು ಕಮಿಟ್. ಅದು ಮುಗಿಸಿದ ಮೇಲೆ ಗಿಟ್ ಡಿಫ್ ಕೊಟ್ಟು ಏನು ಬದಲಾಯಿತು ಅಂತ ಸಾಲು ಸಾಲಾಗಿ ಓದಿ. ಬಣ್ಣ ಕೇಳಿದ್ದಕ್ಕೆ ಲಾಗಿನ್ ಫೈಲ್ ಯಾಕೆ ಮುಟ್ಟಿತು ಅಂತ ಅಲ್ಲೇ ಕಾಣುತ್ತದೆ. ಬೇಡವೆಂದರೆ ಗಿಟ್ ರಿಸ್ಟೋರ್ ಕೊಟ್ಟು ಫೈಲನ್ನು ಹಿಂದಿನ ಸ್ಥಿತಿಗೆ ತನ್ನಿ. ಎಐ ಹೊಸದಾಗಿ ಹುಟ್ಟಿಸಿದ ಫೈಲ್‌ಗಳು ಮಾತ್ರ ಹಾಗೆಯೇ ಉಳಿಯುತ್ತವೆ, ಅವನ್ನು ಬೇರೆ ತೆಗೆಯಬೇಕು.

ನಾನು ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋಲ್ಡರ್‌ಗೆ ಫೈನಲ್ 1, ಫೈನಲ್ 2 ಅಂತ ಹೆಸರಿಟ್ಟು ದಿನ ದೂಡುತ್ತಿದ್ದೆವು. ಒಂದು ಆಟಿಯ ಮಳೆಗೆ ಕರೆಂಟ್ ಹೋಗಿ ಡಿಸ್ಕ್ ಕೆಟ್ಟಿತು, ಮೂರು ವಾರದ ಕೆಲಸ ಹೋಯಿತು. ಅದಕ್ಕೇ ಹೇಳುವುದು, ಕಮಿಟ್ ಮಾಡಿದ್ದನ್ನು ಸಂಜೆ ಪುಶ್ ಕೂಡ ಮಾಡಿ, ಅಂದರೆ ಗಿಟ್‌ಹಬ್‌ಗೆ ಕಳಿಸಿ.

ಪ್ರಶ್ನೆ: ನಮ್ಮ ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಂ ನನ್ನ ಮಗ ಬರೆದದ್ದು. ಹೆಸರಿಗೆ 8 ಅಕ್ಷರದ ಜಾಗ ಇಟ್ಟಿದ್ದಾನೆ. ‘ಶ್ರೀಕೃಷ್ಣ’ ಅಂತ ಹಾಕಿದರೆ ‘ಶ್ರೀಕೃಷ್’ ಅಂತ ಬರುತ್ತದೆ. ಮೂರೇ ಅಕ್ಷರ ಅಲ್ವಾ?
– ವ್ಯಾಪಾರಿ, ಬಂದರು, ಮಂಗಳೂರು

ಉತ್ತರ: ಕಣ್ಣಿಗೆ ಮೂರು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ಗೆ 9. ‘ಶ್ರೀ’ ಒಂದರಲ್ಲೇ ಶ, ಹಲಂತ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ರ, ಈ ಸ್ವರದ ಚಿಹ್ನೆ ಅಂತ ನಾಲ್ಕು ತುಂಡು ಇವೆ. ಹಾಗಾಗಿ 8ಕ್ಕೆ ಕತ್ತರಿಸಿದಾಗ ಕೊನೆಯ ‘ಣ’ ಹೋಯಿತು. ಪ್ರೋಗ್ರಾಂ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿದ್ದರೆ ಬರಹವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರ್ ಇದೆ, 2024ರಲ್ಲಿ ಫೈರ್‌ಫಾಕ್ಸ್ ಬ್ರೌಸರಿಗೂ ಬಂತು. ಆದರೆ ಒತ್ತಕ್ಷರದ ವಿಷಯದಲ್ಲಿ ಅದನ್ನೊಂದೇ ನಂಬಬೇಡಿ ಅನ್ನಿ ಮಗನಿಗೆ. ಕತ್ತರಿಸಿದ ಜಾಗ ಹಲಂತದ ಮೇಲೆ ಬಿದ್ದು, ಮುಂದೆ ಇನ್ನೊಂದು ವ್ಯಂಜನ ಇದ್ದರೆ, ಆ ಒತ್ತಕ್ಷರ ಇಡೀ ಬಿಟ್ಟು ಹಿಂದೆ ಸರಿಯಬೇಕು. ನನ್ನನ್ನು ಕೇಳಿದರೆ ಕತ್ತರಿಸುವುದೇ ಬೇಡ, ಉದ್ದದ ಹೆಸರನ್ನು ಎರಡನೇ ಸಾಲಿಗೆ ಇಳಿಸಲಿ. ಗಿರಾಕಿಯ ಹೆಸರು ಬಿಲ್ಲಿನಲ್ಲಿ ಪೂರ್ತಿ ಇರಬೇಕು.