ಒಂದೇ ಫೈಬರ್, ಆರು ಬಾಡಿಗೆದಾರರು

ಪ್ರಶ್ನೆ: ದೇಶಪಾಂಡೆ ನಗರದಲ್ಲಿ ನಮ್ಮದೊಂದು ಮೂರು ಮಹಡಿಯ ಕಟ್ಟಡವಿದೆ. ತೆರಿಗೆ ಸಲಹೆಗಾರರು, ವಿಡಿಯೊ ಸ್ಟುಡಿಯೊ, ಟ್ಯೂಷನ್ ಕ್ಲಾಸು, ಇನ್ನೂ ಮೂರು ಕಚೇರಿಗಳು. 100 ಎಂಬಿಪಿಎಸ್‌ನ ಒಂದೇ ಫೈಬರ್ ಸಂಪರ್ಕವನ್ನು ಎಲ್ಲರಿಗೂ ಕೊಟ್ಟಿದ್ದೇನೆ. ಸ್ಟುಡಿಯೊದವರು ಮದುವೆಯ ವಿಡಿಯೊ ಕಳುಹಿಸಲು ಹಚ್ಚಿದರೆ ಉಳಿದವರ ಕೆಲಸ ನಿಂತೇ ಹೋಗುತ್ತದೆ. ಕಳೆದ 20ನೇ ತಾರೀಖು ಜಿಎಸ್‌ಟಿ ರಿಟರ್ನ್ ತುಂಬುವಾಗ ತೆರಿಗೆ ಸಲಹೆಗಾರರು ನನ್ನ ಮೇಲೆ ಸಿಟ್ಟಾದರು. ಆರು ಪಾಲು ಮಾಡಿ ಮಿತಿ ಹಾಕಿಬಿಡಲೇ?
– ಕಟ್ಟಡದ ಮಾಲೀಕರು, ಹುಬ್ಬಳ್ಳಿ

ಉತ್ತರ: ಪಾಲು ಮಾಡಿ, ಆದರೆ ಗೋಡೆ ಕಟ್ಟಬೇಡಿ. ಲೆಕ್ಕ ನೋಡಿ. ಒಬ್ಬೊಬ್ಬರಿಗೆ 15 ಎಂಬಿಪಿಎಸ್ ಎಂದು ಬಿಗಿದರೆ 40 ಗಿಗಾಬೈಟ್ ವಿಡಿಯೊ ಹೋಗಲು ಸುಮಾರು ಆರು ಗಂಟೆ ಬೇಕು. ರಾತ್ರಿ ಉಳಿದ ಐದು ಬಾಗಿಲುಗಳು ಮುಚ್ಚಿದ್ದರೂ ಅಷ್ಟೇ ಹೊತ್ತು. ಅದೇ 90 ಸಿಕ್ಕರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಖಾಲಿ ಬಿದ್ದ ವೇಗವನ್ನು ಯಾರಿಗೂ ಕೊಡದಿರುವುದು ಸ್ಟುಡಿಯೊದವರಿಗೆ ಮಾಡುವ ಅನ್ಯಾಯ.

ನಮ್ಮ ಊರಿನಲ್ಲಿ ನೀರು ಬಿಟ್ಟ ದಿನ ಒಬ್ಬರು ನಳಕ್ಕೆ ನೇರವಾಗಿ ಮೋಟರು ಹಚ್ಚಿದರೆ ಓಣಿಯ ಕೊನೆಯ ಮನೆಗೆ ಹನಿ ನೀರೂ ಬರುವುದಿಲ್ಲ. ನಿಮ್ಮಲ್ಲಿ ಆಗುತ್ತಿರುವುದೂ ಅದೇ. ಒಂದು ಪುಟ ತೆರೆಯಬೇಕಾದರೂ ಮೊದಲು ಸಣ್ಣದೊಂದು ಕೋರಿಕೆ ಹೊರಗೆ ಹೋಗಬೇಕು. ಅದು ವಿಡಿಯೊದ ಉದ್ದನೆಯ ಸಾಲಿನ ಹಿಂದೆ ಕಾಯುತ್ತ ನಿಲ್ಲುತ್ತದೆ. ಕೊಪ್ಪಿಕರ ರಸ್ತೆಯ ಒಂದು ಕಟ್ಟಡದಲ್ಲಿ ನಾನೇ ಕುಳಿತು ಪಿಂಗ್, ಅಂದರೆ ಕೋರಿಕೆ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು, ನೋಡಿದ್ದೇನೆ. 12 ಮಿಲಿಸೆಕೆಂಡ್ ಇದ್ದದ್ದು ಅಪ್‌ಲೋಡ್ ಶುರುವಾದೊಡನೆ 800 ದಾಟಿತು. ಅಲ್ಲಿಯ ಮಾಲೀಕರು ಅಷ್ಟರಲ್ಲಿ ಎರಡು ಸಲ ಹೆಚ್ಚಿನ ಪ್ಲಾನ್‌ಗೆ ದುಡ್ಡು ಕಟ್ಟಿದ್ದರು. ಅದು ನನಗೆ ಇವತ್ತಿಗೂ ಬೇಸರದ ಸಂಗತಿ.

ಕಂಪನಿಯವರ ಪೆಟ್ಟಿಗೆಗೂ ಕಚೇರಿಗಳಿಗೆ ಸಂಪರ್ಕ ಹಂಚುವ ನಿಮ್ಮ ಸ್ವಿಚ್ಚಿಗೂ ನಡುವೆ, ಸಾಲನ್ನು ನಿಭಾಯಿಸಬಲ್ಲ ಒಂದು ರೂಟರ್ ಇಡಿ. ಮೈಕ್ರೋಟಿಕ್ ಕಂಪನಿಯ ರೂಟರ್ ಆದರೆ ಇಡೀ ಕಟ್ಟಡಕ್ಕೆ 90 ಎಂಬಿಪಿಎಸ್‌ನ ಒಂದು ತಾಯಿ ಕ್ಯೂ, ಅಂದರೆ ಎಲ್ಲರೂ ಸೇರಿ ದಾಟಬಾರದ ಮಿತಿಯ ಸಾಲು, ಮಾಡಿಸಿ. ಈ ಮಿತಿ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ. ನೂರಕ್ಕಿಂತ ಕಡಿಮೆ ಏಕೆಂದರೆ ಸಾಲು ಕಂಪನಿಯ ಪೆಟ್ಟಿಗೆಯಲ್ಲಿ ಬೆಳೆಯದೆ ನಿಮ್ಮ ರೂಟರ್‌ನಲ್ಲೇ ನಿಲ್ಲಬೇಕು. ಆಗ ಮಾತ್ರ ಯಾರನ್ನು ಮೊದಲು ಬಿಡಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ತಾಯಿಯ ಕೆಳಗೆ ಆರು ಮಕ್ಕಳು. ಪ್ರತಿಯೊಬ್ಬರಿಗೂ 'ಲಿಮಿಟ್ ಅಟ್' 15, 'ಮ್ಯಾಕ್ಸ್ ಲಿಮಿಟ್' 90. ಅಂದರೆ 15 ಖಾತ್ರಿ, ಉಳಿದವರು ಬಳಸದಿದ್ದರೆ ಅವರದೂ ಸಿಗುತ್ತದೆ. ಅವರು ಕೇಳಿದ ಕ್ಷಣ ಬಿಟ್ಟುಕೊಡಬೇಕು.

ಹಾಕುವ ಹುಡುಗನಿಗೆ ಒಂದು ಮಾತು ಹೇಳಲು ಮರೆಯಬೇಡಿ: 'ಫಾಸ್ಟ್‌ಟ್ರ್ಯಾಕ್' ನಿಯಮವನ್ನು ತೆಗೆಯಲೇಬೇಕು. ಅದು ಚಾಲ್ತಿಯಲ್ಲಿದ್ದರೆ ಡೇಟಾ ಈ ಕ್ಯೂಗಳ ಮೂಲಕ ಹೋಗುವುದೇ ಇಲ್ಲ. ಎಲ್ಲ ಅಂಕಿಗಳೂ ಸರಿಯಾಗಿರುತ್ತವೆ, ಕೆಲಸ ಮಾತ್ರ ಆಗುವುದಿಲ್ಲ.

ನೀವು ಕೇಳದ ಇನ್ನೊಂದು ವಿಷಯ. ಪ್ರತಿ ಬಾಡಿಗೆದಾರರಿಗೂ ಬೇರೆ ವಿಎಲ್ಎಎನ್, ಅಂದರೆ ಅದೇ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ಜಾಲ, ಕೊಡಿ. ಕೊಪ್ಪಿಕರ ರಸ್ತೆಯ ಅದೇ ಕಟ್ಟಡದಲ್ಲಿ ಒಬ್ಬ ಗ್ರಾಹಕರ ಆದಾಯದ ಕಾಗದ ಮೇಲಿನ ಮಹಡಿಯ ಕ್ಲಾಸಿನ ಪ್ರಿಂಟರ್‌ನಲ್ಲಿ ಮುದ್ರಣವಾಗಿ ಹೊರಬಂತು. ತೆರಿಗೆ ಸಲಹೆಗಾರರು ಕುಳಿತಿರುವ ಕಟ್ಟಡದಲ್ಲಿ ಇದು ವೇಗಕ್ಕಿಂತ ದೊಡ್ಡ ಚಿಂತೆ.

ಸಂಪರ್ಕದ ಕರಾರಿನಲ್ಲಿ ಹಂಚಿಕೆಗೆ ಅವಕಾಶವಿದೆಯೇ ಎಂದು ಓದಿ ನೋಡಿ. ಇಂಟರ್ನೆಟ್ ಅನ್ನು ಲಾಭಕ್ಕೆ ಮಾರುವುದು ಪರವಾನಗಿಯ ವಿಷಯ. ಅದಕ್ಕೆ ಕೈ ಹಾಕಬೇಡಿ.

ಮುಂದಿನ 20ಕ್ಕಿಂತ ಮೊದಲು ಒಂದು ಮಧ್ಯಾಹ್ನ ಸ್ಟುಡಿಯೊದವರಿಗೆ ದೊಡ್ಡ ವಿಡಿಯೊ ಕಳುಹಿಸಲು ಹೇಳಿ, ನೀವು ತೆರಿಗೆ ಸಲಹೆಗಾರರ ಕಂಪ್ಯೂಟರ್ ಮುಂದೆ ಕುಳಿತು ಪಿಂಗ್ ನೋಡಿ. 50ರ ಒಳಗೆ ನಿಂತರೆ ಸರಿ. ಮೇಲೆ ಹೋದರೆ ತಾಯಿ ಕ್ಯೂವನ್ನು 85ಕ್ಕೆ ಇಳಿಸಿ ಮತ್ತೆ ನೋಡಿ.