ಗೋದಲಿಯೊಳಗೆ ಅಂಬೆಗಾಲು ಕೃಷ್ಣ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ಊರು, ವಯಸ್ಸು ಬದಲಿಸಿದೆ. ಇದೇ ಬಗೆಯ ತೊಡಕಿದ್ದ ಬೇರೆ ಮನೆಗಳ ವಿವರಗಳೂ ಇದರಲ್ಲಿ ಬೆರೆತಿವೆ.)

ಗಂಡನನ್ನು ಶ್ರೀನಿಧಿ ಎನ್ನೋಣ, ಮೈಸೂರಿನ ಮಾಧ್ವ ಮನೆತನದವರು. ಹೆಂಡತಿ ಲವೀನಾ, ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್. ಮದುವೆಯಾಗಿ ಹನ್ನೊಂದು ವರ್ಷ, ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟು, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮಾವ ತೀರಿಕೊಂಡ ಮೇಲೆ ಲವೀನಾರ ಅತ್ತೆ ಎರಡು ವರ್ಷದಿಂದ ಇವರ ಜೊತೆಗೇ ಇದ್ದಾರೆ. 2025ರ ನವೆಂಬರ್ ಮೊದಲ ವಾರ ದಂಪತಿ ಬಂದಾಗ ಹೇಳಿದ್ದು ಒಂದೇ ಮಾತು: ಡಿಸೆಂಬರ್ ಹತ್ತಿರ ಬಂದರೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಹಿಂದಿನ ವರ್ಷ ನಡೆದದ್ದು ಇಷ್ಟು. ಡಿಸೆಂಬರ್ 24ರ ರಾತ್ರಿ ಲವೀನಾ ಹಾಲಿನ ಮೂಲೆಯಲ್ಲಿ ಗೋದಲಿ ಕಟ್ಟಿದ್ದರು. ವಾರದ ಮೊದಲೇ ತಟ್ಟೆಯಲ್ಲಿ ರಾಗಿ ಚೆಲ್ಲಿ ಬೆಳೆಸಿದ್ದ ಎಳೆ ಹುಲ್ಲು, ಒಣಹುಲ್ಲು, ಹಸು, ಕುರಿ, ಮೇರಿ, ಜೋಸೆಫ್. ಬಾಲಯೇಸುವನ್ನು ಚರ್ಚಿನ ರಾತ್ರಿ ಬಲಿಪೂಜೆ (ಮಾಸ್) ಮುಗಿಸಿ ಬಂದ ಮೇಲೆ ಇಡುವುದು ಅವರ ಮನೆಯ ಪದ್ಧತಿ. ಎಲ್ಲರೂ ಚರ್ಚಿನಿಂದ ಬಂದರು, ಲವೀನಾರ ತಾಯಿಯೂ ಇದ್ದರು. ಮಗುವಿನ ಬೊಂಬೆಯನ್ನು ಮಲಗಿಸಿದರು. ಶ್ರೀನಿಧಿಗೆ ಮನಸ್ಸು ತುಂಬಿ ಬಂತು. ದೇವರ ಮನೆಗೆ ಹೋಗಿ ಹಿತ್ತಾಳೆಯ ಅಂಬೆಗಾಲು ಕೃಷ್ಣನನ್ನು ತಂದು ಬಾಲಯೇಸುವಿನ ಪಕ್ಕದಲ್ಲೇ ಇಟ್ಟರು. ‘ಎಲ್ಲಾ ಒಂದೇ ಅಲ್ವಾ’ ಅಂತ ಫೋಟೊ ತೆಗೆದು ಎರಡೂ ಕಡೆಯ ವಾಟ್ಸಾಪ್ ಗುಂಪಿಗೆ ಕಳಿಸಿದರು.

ಲವೀನಾರ ತಾಯಿ ಏನೂ ಹೇಳದೆ ಎದ್ದು ಕೋಣೆಗೆ ಹೋದರು. ಬೆಳಗಿನ ಜಾವ ಧನುರ್ಮಾಸದ ಪೂಜೆಗೆ ಎದ್ದ ಅತ್ತೆ ದೇವರ ಮಂಟಪದಲ್ಲಿ ಕೃಷ್ಣನಿಲ್ಲದ್ದು ಕಂಡು ಗಾಬರಿಯಾದರು. ಅದು ಷೋಕೇಸಿನ ಬೊಂಬೆಯಲ್ಲ, ಅವರ ಅತ್ತೆಯ ಕಾಲದಿಂದ ದಿನವೂ ಅಭಿಷೇಕವಾಗುವ ವಿಗ್ರಹ. ಮಡಿಯಿಲ್ಲದೆ ಮುಟ್ಟಿ, ಹುಲ್ಲಿನ ಮೇಲೆ ರಾತ್ರಿಯೆಲ್ಲ ಇಟ್ಟಿದ್ದರು. ಅತ್ತೆ ಅಂದು ಒಂದೇ ಹೊತ್ತು ಉಂಡರು. ಮರುದಿನ ನೀರನ್ನೂ ಮುಟ್ಟಲಿಲ್ಲ. ‘ನನ್ನ ಹಬ್ಬದ ದಿನವೇ ಊಟ ಬಿಟ್ಟು ಸೇಡು ತೀರಿಸ್ಕೊಂಡ್ರು’ ಎಂದು ಲವೀನಾ ಹನ್ನೊಂದು ತಿಂಗಳು ಮನಸ್ಸಿನಲ್ಲಿಟ್ಟುಕೊಂಡಿದ್ದರು.

ಇಲ್ಲಿ ಮೊದಲು ನೋಡಬೇಕಾದದ್ದು ಪಂಚಾಂಗ. 2024ರ ಡಿಸೆಂಬರ್ 26 ಏಕಾದಶಿ. 25 ದಶಮಿ, ಮಾಧ್ವರ ಮನೆಯ ಹಿರಿಯರಿಗೆ ಅಂದು ಒಪ್ಪತ್ತು. ಏಕಾದಶಿ ನಿರಾಹಾರ, ದ್ವಾದಶಿ ಬೆಳಿಗ್ಗೆ ಪಾರಣೆ. ಅತ್ತೆಗೆ ಬೇಸರವಾಗಿದ್ದದ್ದು ನಿಜ, ಆದರೆ ಉಪವಾಸ ಸೇಡಿನದಲ್ಲ. ಮಗನಿಗೆ ಅಂದು ಏಕಾದಶಿ ಎಂಬುದೇ ಗೊತ್ತಿರಲಿಲ್ಲ, ಸೊಸೆಗೆ ಹೇಳುವವರು ಯಾರೂ ಇರಲಿಲ್ಲ. ಎರಡನೇ ಭೇಟಿಯಲ್ಲಿ ಹಳೆಯ ಪಂಚಾಂಗ ತೆರೆದು ತೋರಿಸಿದಾಗ ಲವೀನಾ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಹೀಗೆ ತಿಥಿ ಮತ್ತು ಕ್ರಿಸ್‌ಮಸ್ ಡಿಕ್ಕಿ ಹೊಡೆಯುವುದು ಅಪರೂಪವೇನಲ್ಲ. 2020ರಲ್ಲಿ ವೈಕುಂಠ ಏಕಾದಶಿ ಬಿದ್ದದ್ದೇ ಡಿಸೆಂಬರ್ 25ಕ್ಕೆ. ಆದ್ದರಿಂದ ಇಂಥ ಮನೆಗಳಿಗೆ ಮೊದಲ ಸಲಹೆ: ನವೆಂಬರಿನಲ್ಲೇ ಒಂದು ದೊಡ್ಡ ಕ್ಯಾಲೆಂಡರ್ ಹಾಳೆಯಲ್ಲಿ ಎರಡೂ ಕಡೆಯ ದಿನಗಳನ್ನು ಬರೆದು ಫ್ರಿಜ್ಜಿಗೆ ಅಂಟಿಸಿ. ಫೋನಿನ ಆ್ಯಪನ್ನು ನಂಬಬೇಡಿ, ಅತ್ತೆ ಅನುಸರಿಸುವ ಮಠದ ಪಂಚಾಂಗವನ್ನೇ ತೆಗೆಯಿರಿ. ದಶಮಿ ಬೆರೆತ ಏಕಾದಶಿಯನ್ನು ಮಾಧ್ವರು ಮರುದಿನಕ್ಕೆ ಹಿಡಿಯುತ್ತಾರೆ, ಸ್ಮಾರ್ತರ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಒಂದು ದಿನ ಆಚೀಚೆಯಾಗುತ್ತದೆ. ಇವರ ಹಾಳೆಯಲ್ಲಿ 2025ಕ್ಕೆ ಹೀಗೆ ಬಂತು: ನವೆಂಬರ್ 30 ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಸಿದ್ಧವಾಗುವ ವಾರಗಳ, ಮೊದಲ ಭಾನುವಾರ. ಡಿಸೆಂಬರ್ 16 ಧನುರ್ಮಾಸ ಶುರು, ಅದೇ 16ಕ್ಕೆ ಕ್ರಿಸ್‌ಮಸ್ ನೊವೆನಾ ಕೂಡ ಶುರು, 24ರವರೆಗೆ ಒಂಬತ್ತು ದಿನದ ಪ್ರಾರ್ಥನೆ. 25 ಗುರುವಾರ, ಅಂದರೆ ಅತ್ತೆಗೆ ರಾಯರ ವಾರ. ವರ್ಷದ ಕೊನೆಗೆ ವೈಕುಂಠ ಏಕಾದಶಿ. ಜನವರಿ 6 ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಹಬ್ಬ, ಅಲ್ಲಿಗೆ ಗೋದಲಿ ತೆಗೆಯಬಹುದು. ಆಮೇಲೆ ಸಂಕ್ರಾಂತಿ. ಮಗಳು ಹಾಳೆ ನೋಡಿ ‘ಎರಡು ಕಡೇನೂ ರಾಯರು ಇದಾರೆ’ ಎಂದಳು. ಆ ಕೋಣೆಯಲ್ಲಿ ಮೊದಲ ಸಲ ನಗು ಕೇಳಿದ್ದು ಆಗ.

‘ಎಲ್ಲಾ ಒಂದೇ’ ಎಂಬ ಮಾತಿನ ಬಗ್ಗೆ ನೇರವಾಗಿ ಹೇಳಬೇಕು. ಹೊರಗೆ ಕೇಳಲು ಚಂದ. ಮನೆಯೊಳಗೆ ಅದನ್ನು ಹೇಳುವವರು ಸಾಮಾನ್ಯವಾಗಿ ಎರಡೂ ಆಚರಣೆಗಳನ್ನು ಸಡಿಲವಾಗಿ ಹಿಡಿದವರು. ಬಿಗಿಯಾಗಿ ಹಿಡಿದವರಿಗೆ ಅದು ‘ನಿನ್ನದರಲ್ಲಿ ವಿಶೇಷವೇನೂ ಇಲ್ಲ’ ಎಂದೇ ಕೇಳಿಸುತ್ತದೆ. ಕೃಷ್ಣನನ್ನು ಗೋದಲಿಯಲ್ಲಿಟ್ಟಾಗ ಇಬ್ಬರು ಅಜ್ಜಿಯರಿಗೂ ನೋವಾದದ್ದು ಒಂದೇ ಕಾರಣಕ್ಕೆ: ತಮ್ಮ ದೇವರನ್ನು ತಮ್ಮನ್ನು ಕೇಳದೆ ಇನ್ನೊಬ್ಬರು ಬಳಸಿಕೊಂಡರು. ಶ್ರೀನಿಧಿಗೆ ಇದು ಅರ್ಥವಾಗಲು ಎರಡು ಭೇಟಿ ಬೇಕಾಯಿತು. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡವರಿಗೆ ತಪ್ಪು ಕಾಣಿಸುವುದು ಕಷ್ಟ.

ಅದರ ಬದಲು ಒಂದು ಹಾಳೆಯಲ್ಲಿ ಮೂರು ಸಾಲು ಗೀಚಿ, ಪ್ರತಿಯೊಬ್ಬರೂ ಪ್ರತಿ ಆಚರಣೆಯನ್ನು ಒಂದೊಂದು ಸಾಲಿಗೆ ಹಾಕುವಂತೆ ಹೇಳಿದೆವು: ‘ನನ್ನದು’, ‘ಅತಿಥಿಯಾಗಿ ಕೂರುತ್ತೇನೆ’, ‘ದೂರ ನಿಲ್ಲುತ್ತೇನೆ’. ಬೇರೆಬೇರೆ ಕುಳಿತು ಬರೆಯಬೇಕು, ಒಬ್ಬರ ಹಾಳೆಯನ್ನು ಇನ್ನೊಬ್ಬರು ತಿದ್ದಬಾರದು. ಅತ್ತೆಯ ಹಾಳೆಯಲ್ಲಿ ಗೋದಲಿ ಎರಡನೇ ಸಾಲಿಗೆ ಬಂದದ್ದು ಎಲ್ಲರಿಗೂ ಅಚ್ಚರಿ. ‘ದಸರಾ ಗೊಂಬೆ ಕೂರಿಸಿದವಳು ನಾನು, ನೋಡೋಕೇನು’ ಎಂದರು. ಕ್ಯಾರಲ್ ಹಾಡುವವರು ಮನೆಗೆ ಬಂದರೆ ಬಾಗಿಲಲ್ಲಿ ಕೂತು ಕೇಳುತ್ತಾರೆ, ಮೊಟ್ಟೆಯ ಕೇಕ್ ಮಾತ್ರ ಮೂರನೇ ಸಾಲು. ಲವೀನಾ ಧನುರ್ಮಾಸದ ಹುಗ್ಗಿಯನ್ನು ಎರಡನೆಯದರಲ್ಲಿ ಬರೆದರು, ಆರತಿಗೆ ಕೈ ಜೋಡಿಸುವುದನ್ನು ಮೂರನೆಯದರಲ್ಲಿ. ಈ ಹನ್ನೊಂದು ವರ್ಷ ಜೋಡಿಸುತ್ತಲೇ ಇದ್ದರು, ಒಳಗೊಳಗೇ ಕಸಿವಿಸಿಪಡುತ್ತ.

ಮಡಿಯ ಮಾತು ಬಂದಾಗ ಎಚ್ಚರ ಬೇಕು. ಒಬ್ಬರು ತಮ್ಮ ಮೈಗೆ ಹಾಕಿಕೊಂಡ ನಿಯಮವನ್ನು ಗೌರವಿಸಬಹುದು. ಅದು ಇನ್ನೊಬ್ಬರನ್ನು ಮೈಲಿಗೆ ಎಂದು ಗುರುತಿಸುವ ಕಡೆಗೆ ತಿರುಗಿದರೆ ಒಪ್ಪಬೇಕಾಗಿಲ್ಲ. ಇವರ ಮನೆಯಲ್ಲಿ ‘ನೀನು ಮುಟ್ಟಬೇಡಮ್ಮ’ ಎಂಬ ಮಾತು ಸೊಸೆಗೆ ಮಾತ್ರ ಬೀಳುತ್ತಿತ್ತು. ಸ್ನಾನ ಮಾಡದೆ ಕಾಫಿ ಲೋಟ ಹಿಡಿದು ಅಡುಗೆಮನೆಗೆ ನುಗ್ಗುವ ಮಗನಿಗಲ್ಲ. ಇದನ್ನು ಅತ್ತೆಯ ಮುಂದೆಯೇ ಹೇಳಿದೆವು. ನಿಯಮವನ್ನು ಮನುಷ್ಯರಿಗೆ ಕಟ್ಟದೆ ಹೊತ್ತಿಗೂ ಜಾಗಕ್ಕೂ ಕಟ್ಟಿ: ಬೆಳಿಗ್ಗೆ ಐದರಿಂದ ಏಳು, ದೇವರ ಮನೆ ಮತ್ತು ಎಡಗಡೆಯ ಒಲೆ, ಆ ಹೊತ್ತಿನಲ್ಲಿ ಯಾರೂ ಮುಟ್ಟುವಂತಿಲ್ಲ. ಏಳರ ಮೇಲೆ ಅಡುಗೆಮನೆ ಎಲ್ಲರದು. ಅತ್ತೆ ಸ್ವಲ್ಪ ಯೋಚಿಸಿ ‘ಏಳೂವರೆ ಮಾಡಿ’ ಎಂದರು. ಆಗಲಿ ಎಂದೆವು.

ಅಡುಗೆಮನೆಯ ಉಳಿದ ವ್ಯವಸ್ಥೆ ಸುಲಭ. ಓವನ್ ಯುಟಿಲಿಟಿಯಲ್ಲಿ, ಮೊಟ್ಟೆಗೂ ರಮ್ಮಿನಲ್ಲಿ ನೆನೆಹಾಕಿದ ಒಣದ್ರಾಕ್ಷಿಯ ಜಾಡಿಗೂ ಅಲ್ಲೇ ಒಂದು ಮುಚ್ಚಿದ ಕಪಾಟು, ಮೊಟ್ಟೆ ಕಲಸುವ ಬೋಗುಣಿ ಬೇರೆ. ಆದರೆ ಎಗ್‌ಲೆಸ್ ಕೇಕನ್ನು ರಾಜಿ ಎಂದು ತಂದಿಡಬೇಡಿ. ಹಿಂದೊಮ್ಮೆ ಶ್ರೀನಿಧಿ ಬೇಕರಿಯಿಂದ ಎಗ್‌ಲೆಸ್ ಪ್ಲಮ್ ಕೇಕ್ ತಂದು ಸಮಸ್ಯೆ ಬಗೆಹರಿಯಿತು ಎಂದುಕೊಂಡಿದ್ದರು. ಲವೀನಾಗೆ ಅದು ತಾಯಿಮನೆಯ ಕೇಕನ್ನು ಮನೆಯಿಂದ ಹೊರಗೆ ಹಾಕಿದಂತಾಯಿತು. ಅವರ ಕೇಕ್ ಅವರದಾಗಿಯೇ ಇರಲಿ, ಅತ್ತೆ ತಿನ್ನದಿರಲಿ. ಇಬ್ಬರೂ ತಿನ್ನುವಂಥದ್ದು ಕುಸ್ವಾರಿನಲ್ಲೇ, ಅಂದರೆ ಮಂಗಳೂರು ಕ್ಯಾಥೊಲಿಕರ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಲ್ಲೇ ಇದೆ. ನೆವ್ರಿ ಎಂದರೆ ಹೆಚ್ಚುಕಡಿಮೆ ನಮ್ಮ ಕರ್ಜಿಕಾಯಿ. ತುಕ್ಡಿ ಶಂಕರಪೋಳಿಯ ತಂಗಿ. ಮೊಟ್ಟೆ ಬೀಳುವುದು ಹೆಚ್ಚಾಗಿ ಕಿಡಿಯೊ ಎಂಬ ಸುರುಳಿ ತಿಂಡಿಗೆ ಮತ್ತು ರೋಸ್ ಕುಕ್ಕಿಗೆ.

ಹಾಗಾಗಿ ಅತ್ತೆ ಸೊಸೆ ಇಬ್ಬರಿಗೂ ಒಂದು ಕೆಲಸ ಕೊಟ್ಟೆವು: ಡಿಸೆಂಬರ್ 20, ಶನಿವಾರ, ಒಟ್ಟಿಗೆ ಕೂತು ನೆವ್ರಿ ಮಾಡಿ. ಕಾಲು ಕೆಜಿ ಮೈದಾಕ್ಕೆ ಎರಡು ಚಮಚ ಬಿಸಿ ತುಪ್ಪ. ಹೂರಣಕ್ಕೆ ನೂರು ಗ್ರಾಂ ಹುರಿದ ಬಿಳಿ ಎಳ್ಳು, ನೂರು ಗ್ರಾಂ ಕೊಬ್ಬರಿ ತುರಿ, ಅಷ್ಟಕ್ಕೆ ತುಸು ಹೆಚ್ಚು ಸಕ್ಕರೆ ಪುಡಿ, ಏಲಕ್ಕಿ, ಗೋಡಂಬಿ. ಹಸಿ ತೆಂಗಿನಕಾಯಿ ಬೇಡ, ಮೂರು ದಿನಕ್ಕೆ ಮುಗ್ಗುತ್ತದೆ. ಅಂಚನ್ನು ಬಿಗಿಯಾಗಿ ಒತ್ತದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ, ಎಳ್ಳು ಸುಟ್ಟು ಬಾಣಲೆಯೆಲ್ಲ ಕಪ್ಪು. ಕರಿಯುವ ಸರದಿ ಮುಖ್ಯ: ಹೊಸ ಎಣ್ಣೆಯಲ್ಲಿ ಮೊದಲು ನೆವ್ರಿ, ಆಮೇಲೆ ತುಕ್ಡಿ, ಕೊನೆಗೆ ರೋಸ್ ಕುಕ್ಕಿ. ಮೊಟ್ಟೆಯ ಹಿಟ್ಟು ಇಳಿದ ಎಣ್ಣೆಯನ್ನು ಅತ್ತೆ ಮತ್ತೆ ಬಳಸುವುದಿಲ್ಲ. ಸರದಿ ತಪ್ಪಿದರೆ ಕುಸ್ವಾರಿನ ತಟ್ಟೆಯೇ ಮತ್ತೊಂದು ಜಗಳವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಬಗೆಹರಿಯದ ಗಂಟು ಬೇರೆಯದು, ಅದು ನಾಲ್ಕನೇ ಭೇಟಿಯಲ್ಲಿ ಹೊರಬಿತ್ತು. ಕಳೆದ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ಲವೀನಾರ ಅಕ್ಕನ ಮಗಳ ಪ್ರಥಮ ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಸಲ ಪಡೆಯುವ ದಿನ. ಇವರ ಮಗಳೂ ಸಾಲಿನಲ್ಲಿ ಹೋಗಿ ಕೈ ಚಾಚಿದ್ದಳು. ಫಾದರ್ ತಲೆಯ ಮೇಲೆ ಕೈಯಿಟ್ಟು ಹರಸಿ ಕಳಿಸಿದರು. ‘ನಂಗೆ ಯಾಕೆ ಕೊಡ್ಲಿಲ್ಲ?’ ಎಂಬ ಪ್ರಶ್ನೆಗೆ ಅಪ್ಪ ಅಮ್ಮ ಬೇರೆಬೇರೆ ಉತ್ತರ ಕೊಟ್ಟರು. ಮಗುವಿಗೆ ದೀಕ್ಷಾಸ್ನಾನ, ಅಂದರೆ ಚರ್ಚಿಗೆ ಸೇರಿಸಿಕೊಳ್ಳುವ ಸಂಸ್ಕಾರ, ಆಗಿಲ್ಲ. ಚರ್ಚಿನ ವಿಶೇಷ ಅನುಮತಿಯಿಂದ ನಡೆಯುವ ಇಂಥ ಮದುವೆಯಲ್ಲಿ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ ಕ್ಯಾಥೊಲಿಕರಾಗಿ ಬೆಳೆಸಲು ತನ್ನಿಂದಾದಷ್ಟೂ ಪ್ರಯತ್ನಿಸುತ್ತೇನೆ ಎಂದು ಕ್ಯಾಥೊಲಿಕ್ ಸಂಗಾತಿ ಮಾತು ಕೊಡಬೇಕು. ಅದನ್ನು ಇನ್ನೊಬ್ಬರಿಗೆ ತಿಳಿಸಬೇಕೆಂದೂ ಚರ್ಚಿನ ನಿಯಮವಿದೆ. ಶ್ರೀನಿಧಿಗೆ ತಿಳಿಸಿದ್ದರು, ಮದುವೆಯ ಗಡಿಬಿಡಿಯಲ್ಲಿ ಹತ್ತು ನಿಮಿಷ. ಅವರು ಮರೆತರು, ಲವೀನಾ ಮರೆಯಲಿಲ್ಲ. ಡಿಸೆಂಬರಿನಲ್ಲಿ ಕೇಕಿನ ಹೆಸರಿನಲ್ಲಿ, ಗೋದಲಿಯ ಹೆಸರಿನಲ್ಲಿ ಎದ್ದು ಬರುತ್ತಿದ್ದದ್ದು ಈ ಈಡೇರದ ಮಾತು.

ಆಪ್ತಸಲಹೆಗಾರರು ಇದನ್ನು ತೀರ್ಮಾನಿಸುವವರಲ್ಲ. ಹೇಳಬಹುದಾದದ್ದು ಇಷ್ಟು: ಒಬ್ಬ ತಂದೆಯೋ ತಾಯಿಯೋ ಇನ್ನೊಬ್ಬರಿಗೆ ಹೇಳದೆ, ಅಜ್ಜಿಮನೆಗೆ ಕರೆದೊಯ್ದು ಮಗುವಿಗೆ ಯಾವ ಸಂಸ್ಕಾರವನ್ನೂ ಮಾಡಿಸಬಾರದು. ಗುಟ್ಟಾಗಿ ಮಾಡಿಸಿದ್ದು ಬಯಲಾದ ಮೇಲೆ ಕುಸಿದ ನಂಬಿಕೆ ಮತ್ತೆ ಸುಲಭಕ್ಕೆ ಕಟ್ಟಿಕೊಳ್ಳುವುದಿಲ್ಲ. ಏಳು ವರ್ಷ ದಾಟಿದ ಮಗುವಿಗೆ ದೀಕ್ಷಾಸ್ನಾನವೆಂದರೆ ಬೋಧನೆ ಬೇಕು, ಮಗುವಿನ ಇಷ್ಟವೂ ಬೇಕು. ಅವಸರದ ಕೆಲಸವಲ್ಲ ಎಂದು ಲವೀನಾ ತಾಯಿಗೆ ತಿಳಿಸಲಿ. ಮಗನ ಮುಂಜಿಯ ಆಸೆ ಅತ್ತೆಗಿದೆ. ತಾಯಿ ಬೇರೆ ಧರ್ಮದವರಾದಾಗ ಮಾಡಿಸಲು ಪುರೋಹಿತರು ಒಪ್ಪುತ್ತಾರೋ ಇಲ್ಲವೋ ಎಂದು ಶ್ರೀನಿಧಿ ಮೊದಲು ವಿಚಾರಿಸಲಿ, ಅಲ್ಲಿಯವರೆಗೆ ಹುಡುಗನ ಕಿವಿಗೆ ಹಾಕಬೇಡಿ. ಮಗಳಿಗೆ ಒಂದೇ ಉತ್ತರ, ಇಬ್ಬರ ಬಾಯಲ್ಲೂ: ‘ಅದು ಚರ್ಚಿಗೆ ಸೇರಿದವರಿಗೆ ಕೊಡೋದು ಪುಟ್ಟಿ. ನೀನಿನ್ನೂ ಸೇರಿಲ್ಲ. ಸೇರೋದಾ ಬೇಡ್ವಾ ಅಂತ ನಾವು ನಿನ್ ಜೊತೆ ಕೂತು ಮಾತಾಡ್ತೀವಿ.’ ಶಾಲೆಯಲ್ಲಿ ಯಾರಾದರೂ ‘ನೀನು ಯಾವ್ದು?’ ಎಂದರೆ: ‘ಅಮ್ಮ ಚರ್ಚಿಗೆ ಹೋಗ್ತಾರೆ, ಅಪ್ಪ ಅಜ್ಜಿ ಮಠಕ್ಕೆ ಹೋಗ್ತಾರೆ.’ ಎಂಟು ವರ್ಷದವಳಿಗೆ ಕಣ್ಣಾರೆ ಕಂಡದ್ದನ್ನು ಹೇಳುವುದು ಸುಲಭ, ತಾನು ಏನು ಎಂದು ಹೇಳುವುದು ಕಷ್ಟ.

ಸಂಕ್ರಾಂತಿ ಕಳೆದ ಮೇಲೆ ಐದನೇ ಭೇಟಿ. 24ಕ್ಕೆ ನಡುರಾತ್ರಿಯದು ಬಿಟ್ಟು ಸಂಜೆಯ ಬಲಿಪೂಜೆಗೆ ಹೋಗಿದ್ದರು, ಅತ್ತೆಯ ನಿದ್ದೆ ಕೆಡಲಿಲ್ಲ. ಗುರುವಾರ ಮನೆಯಲ್ಲಿ ಸಸ್ಯಾಹಾರ, ಶುಕ್ರವಾರ ಲವೀನಾರ ತಂಗಿಯ ಮನೆಯಲ್ಲಿ ಹಂದಿಮಾಂಸದ ಊಟ. ಲವೀನಾ ಇದನ್ನು ಒಪ್ಪಿಕೊಂಡರೂ ‘ಮುಂದಿನ ವರ್ಷ ಗುರುವಾರ ಬರಲ್ವಲ್ಲ’ ಎಂದು ಕೇಳಿಯೇಬಿಟ್ಟರು. ಅದೂ ಸರಿಯಾದ ಪ್ರಶ್ನೆಯೇ, ಮುಂದಿನ ನವೆಂಬರಿನ ಹಾಳೆಗೆ ಬರೆದುಕೊಂಡಿದ್ದೇವೆ. ಕಾರ್ಯಕ್ರಮ ಕೆಟ್ಟದ್ದು ಸಂಕ್ರಾಂತಿಯಲ್ಲಿ. ಎಳ್ಳು ಬೀರಲು ಅತ್ತೆ ಮಂಗಳೂರಿಗೆ ಕೊರಿಯರ್‌ನಲ್ಲಿ ಕಳಿಸಿದ ಡಬ್ಬಿಯನ್ನು ಲವೀನಾರ ತಾಯಿ ತೆರೆಯಲಿಲ್ಲ. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಾರದೆಂಬುದು ಅವರ ನಂಬಿಕೆ, ಸಂತ ಪೌಲನ ಪತ್ರಗಳಲ್ಲಿ ಅದರ ಚರ್ಚೆ ಇದೆ. ಇದಕ್ಕೆ ಉಪಾಯವಿದೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸಿದ ತಕ್ಷಣ, ನೈವೇದ್ಯಕ್ಕೆ ಮೊದಲೇ ಒಂದು ಡಬ್ಬಿ ಎತ್ತಿಡಿ, ಹಾಗೆ ಎತ್ತಿಟ್ಟದ್ದೆಂದು ಫೋನಿನಲ್ಲಿ ಹೇಳಿಯೇ ಕಳಿಸಿ. ಹೇಳದೆ ಕಳಿಸಿದರೆ ಅನುಮಾನ ಹಾಗೇ ಉಳಿಯುತ್ತದೆ. ‘ದೇವರಿಗೆ ತೋರಿಸದೆ ಬೀರೋದಾ?’ ಎಂದು ಅತ್ತೆ ಹಿಂಜರಿದರು. ಬೀರುವ ಎಳ್ಳು ನೈವೇದ್ಯವಾಗಿಯೇ ಇರಬೇಕೆಂದು ನಿಯಮವುಂಟೇ ಎಂದು ಮಠದಲ್ಲಿ ಕೇಳಿ ಬರುತ್ತೇನೆ ಎಂದಿದ್ದಾರೆ.

ದೀಕ್ಷಾಸ್ನಾನದ ಮಾತಿಗೆ ದಂಪತಿ ಏಪ್ರಿಲ್‌ವರೆಗೆ ಸಮಯ ಕೇಳಿದ್ದಾರೆ. ಕೃಷ್ಣ ಈಗ ಮಂಟಪದಲ್ಲಿದ್ದಾನೆ. ದೇವರ ಮನೆಗೆ ಶ್ರೀನಿಧಿಯೇ ಒಂದು ಚಿಕ್ಕ ಚಿಲಕ ಹಾಕಿಸಿದ್ದಾರೆ.