ಇಂಗ್ಲೆಂಡಿನ ಹಳೇ ಬೋರ್ಡಿಂಗ್ ಶಾಲೆಗಳೆಲ್ಲ ಶ್ರೀಮಂತರ ಮಕ್ಕಳಿಗೇನಾ?

ಬಡ ಮಕ್ಕಳಿಗೆಂದೇ ಹುಟ್ಟಿ ಇನ್ನೂ ಹಾಗೇ ಉಳಿದಿರೋ ಶಾಲೆ ಅಲ್ಲಿ ಒಂದಾದರೂ ಇದೆಯಾ ಅಂತ ಕೇಳಿದ್ದೀರಿ. ಪೂರ್ತಿ ಹಾಗೇ ಅನ್ನೋಕಾಗಲ್ಲ. ಆದರೂ ಕೆಲಸದ ಮೇಲೆ ಸಸೆಕ್ಸ್‌ನಲ್ಲಿದ್ದಾಗ ಒಂದನ್ನು ನೋಡಿದ್ದೇನೆ, ಹಾರ್ಷಮ್ ಹತ್ತಿರದ ಕ್ರೈಸ್ಟ್ಸ್ ಹಾಸ್ಪಿಟಲ್. ಆಸ್ಪತ್ರೆ ಅಲ್ಲ! ಆಗೆಲ್ಲ ದಿಕ್ಕಿಲ್ಲದವರಿಗೆ ಆಸರೆ ಕೊಡುವ ಜಾಗಕ್ಕೂ ಹಾಸ್ಪಿಟಲ್ ಅಂತಲೇ ಹೆಸರು.

1552ರಲ್ಲಿ ಲಂಡನ್ನಿನ ನ್ಯೂಗೇಟ್ ಬೀದಿಯಲ್ಲಿ ಶುರುವಾಯಿತು. ರಾಜ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಖಾಲಿಯಾದ ಕಟ್ಟಡವದು. ಬೀದಿ ಮಕ್ಕಳಿಗೆ ಅಲ್ಲಿ ಊಟ, ಬಟ್ಟೆ, ಓದು ಬರಹ. ಹೆಣ್ಣುಮಕ್ಕಳೂ ಮೊದಲಿಂದಲೇ ಇದ್ದರು. ಹೆನ್ರಿಯ ನಂತರ ರಾಜನಾದ ಮಗ ಆರನೇ ಎಡ್ವರ್ಡ್‌ಗೆ ಆಗ ಹದಿನೈದು ವರ್ಷ. ಮರುವರ್ಷ ಶಾಲೆಯ ಸನ್ನದಿಗೆ ಸಹಿ ಹಾಕಿ, ಕೆಲವೇ ದಿನಗಳಲ್ಲಿ ತೀರಿಕೊಂಡ.

ನನಗೆ ಮರೆಯೋಕಾಗದ್ದು ಅಲ್ಲಿನ ಯೂನಿಫಾರ್ಮ್. ಪಾದದ ಹತ್ತಿರದವರೆಗೆ ಇಳಿಯುವ ನೀಲಿ ಕೋಟು, ಕುತ್ತಿಗೆಗೆ ಬಿಳಿ ಪಟ್ಟಿ, ಅರಿಶಿನ ಬಣ್ಣದ ಉದ್ದ ಕಾಲುಚೀಲ. ನೀಲಿ ಆ ಕಾಲಕ್ಕೆ ಅಗ್ಗದ ಬಣ್ಣ, ಧರ್ಮಕ್ಕೆ ಸಾಕುವ ಮಕ್ಕಳಿಗೆ ತೊಡಿಸುವಂಥದ್ದು. ನಾನು ಹೋದ ದಿನ ಮಧ್ಯಾಹ್ನ ಬ್ಯಾಂಡ್ ಬಾರಿಸುತ್ತಾ ಮಕ್ಕಳು ಸಾಲಾಗಿ ಊಟದ ಹಾಲ್‌ಗೆ ನಡೆದರು. ಒಬ್ಬ ಚಿಕ್ಕ ಹುಡುಗನ ಕಾಲುಚೀಲ ಜಾರುತ್ತಲೇ ಇತ್ತು. ಹೆಜ್ಜೆ ತಪ್ಪಿಸದೆ ಬಗ್ಗಿ ಎಳೆದುಕೊಳ್ಳೋದು, ಮತ್ತೆ ಜಾರೋದು. ಬಡತನದ ಗುರುತಾಗಿದ್ದ ಬಟ್ಟೆಯನ್ನು ಇವತ್ತು ಅಷ್ಟು ಜಂಬದಿಂದ ಹಾಕ್ಕೋತಾರೆ.

ಕವಿ ಕೋಲ್‌ರಿಜ್, ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಇಬ್ಬರೂ ಇಲ್ಲೇ ಒಟ್ಟಿಗೆ ಓದಿದವರು. ಕೊನೆಯ ತರಗತಿಯವರನ್ನು ಇಲ್ಲಿ 'ಗ್ರೀಶಿಯನ್' ಅಂತಾರೆ. ಕೋಲ್‌ರಿಜ್ ಅಲ್ಲಿವರೆಗೆ ಓದಿ ಕೇಂಬ್ರಿಜ್‌ಗೆ ಹೋದ. ಲ್ಯಾಂಬ್‌ಗೆ ಉಗ್ಗು, ಆ ತರಗತಿ ಸಿಗಲಿಲ್ಲ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಆಫೀಸಿನಲ್ಲಿ ಮೂವತ್ತಕ್ಕೂ ಜಾಸ್ತಿ ವರ್ಷ ಗುಮಾಸ್ತಿಕೆ ಮಾಡಿದ. ನಮ್ಮ ದೇಶದ ಲೆಕ್ಕಪತ್ರ ಬರೀತಾ ಕೂತಿದ್ದ ಅಲ್ವಾ, ಪಾಪ ಅನ್ನಬೇಕೋ ಬೇಡವೋ ಗೊತ್ತಾಗಲ್ಲ.

1902ರಲ್ಲಿ ಶಾಲೆ ಲಂಡನ್ ಬಿಟ್ಟು ಹಾರ್ಷಮ್‌ಗೆ ಬಂತು. ಹುಡುಗಿಯರ ಶಾಲೆ ಬೇರೆ ಊರಲ್ಲಿತ್ತು, 1985ರಲ್ಲಿ ಇಲ್ಲಿಗೇ ಸೇರಿತು.

ಈಗ ಮನೆಯ ಆದಾಯ ನೋಡಿ ಫೀಸು. ಪೂರ್ತಿ ಕಟ್ಟುವವರೂ ಇದ್ದಾರೆ, ಆ ಮೊತ್ತ ನಮ್ಮಂಥವರ ಕೈಗೆ ಎಟುಕಲ್ಲ. ಏನೂ ಕಟ್ಟದ ಮಕ್ಕಳೂ ಇದ್ದಾರೆ. ಯಾರು ಯಾರು ಅಂತ ಆ ಸಾಲಿನಲ್ಲಿ ಹುಡುಕಿದೆ, ತಿಳಿಯಲಿಲ್ಲ. ಕೋಟು ಎಲ್ಲರಿಗೂ ಶಾಲೆಯೇ ಪುಕ್ಕಟೆ ಕೊಡುತ್ತದೆ.